ಹರಳಿನ ನಡುಕ

ದೊಡ್ಡಾಕೆ ಕುಲುಮೆಯಲ್ಲಿ ಸ್ಫಟಿಕದ ಹರಳು ಬೆಳೆಸಲು ಹಿಡಿದು ಹನ್ನೊಂದು ವರ್ಷ. ತಾನೇ ಕೈಹಿಡಿದು ಪ್ರಯೋಗಾಲಯಕ್ಕೆ ಕರೆತಂದ ವಾರಗಿತ್ತಿ, ಚಿಕ್ಕಾಕೆ, ಬಂದು ಎರಡು ವರ್ಷವೂ ತುಂಬಿರಲಿಲ್ಲ. ಈಗ ಇಬ್ಬರ ಹರಳುಗಳಲ್ಲಿ ಒಂದು ಮಾತ್ರ ಆಸ್ಪತ್ರೆಯ ಹೊಸ ಯಂತ್ರಕ್ಕೆ ಹೋಗಬೇಕು.

ಮನೆಯಲ್ಲಿ ಅತ್ತೆ, ಇಲ್ಲಿ ಪ್ರಯೋಗಾಲಯದ ಯಜಮಾನರಾದ ಮೇಷ್ಟ್ರು. ಇಬ್ಬರ ಬಾಯಲ್ಲೂ ಚಿಕ್ಕಾಕೆಯ ಜಪವೇ. ದೊಡ್ಡಾಕೆಯ ಹೊಟ್ಟೆಯೊಳಗೆ ಹೊಗೆಯಾಡದ ಕೆಂಡವೊಂದು ಕೂತು ಬಹಳ ದಿನವಾಗಿತ್ತು.

ಹರಳಿನ ಬೆಳಕು ಅಳೆಯುವ ಕೆಲಸವೂ ಆಕೆಯದೇ. ದ್ರವ ಸಾರಜನಕದಿಂದ ಚಿಕ್ಕಾಕೆಯ ಹರಳನ್ನು ತಣಿಸಿ ಲೇಸರ್ ಬಿಟ್ಟಳು. ಪರದೆಯ ಮೇಲೆ, ಹರಳು ಸೂಸಿದ ಬೆಳಕಿನ ನಕ್ಷೆಯಲ್ಲಿ, ಸೂಜಿಮೊನೆಯಂಥ ಶಿಖರ ಎದ್ದಿತು. ಅದರ ಕೆಂಪು ಬದಿಗೆ, ಅಂದರೆ ಬೆಳಕಿನ ಶಕ್ತಿ ಇಳಿಯುವ ಕಡೆಗೆ, ಅಜ್ಜಿಯ ಬೆನ್ನಿಗೆ ಬಿದ್ದ ಮೊಮ್ಮಕ್ಕಳಂತೆ, ಒಂದಕ್ಕಿಂತ ಒಂದು ಕುಳ್ಳಾದ ಮೂರು ಗುಡ್ಡ.

“ಇದೇನ್ರೀ ಬಾಲ? ಕಸ ಬೆರೆತಿದ್ಯಾ?” ಎಂದರು ಹಿಂದೆ ನಿಂತು ನೋಡುತ್ತಿದ್ದ ಮೇಷ್ಟ್ರು.

ಅಲ್ಲವೆಂದು ಆಕೆಗೆ ನೋಡಿದೊಡನೆ ಗೊತ್ತಾಗಿತ್ತು. ಎಷ್ಟೇ ತಣಿಸಿದರೂ ಹರಳಿನ ಪರಮಾಣುಗಳು ಸುಮ್ಮನಿರುವುದಿಲ್ಲ, ಸಾಲುಸಾಲಾಗಿ ನಡುಗುತ್ತವೆ. ಹೊರಡುವ ಬೆಳಕು ತನ್ನ ಶಕ್ತಿಯಲ್ಲಿ ಒಂದು ಪಾಲನ್ನೋ ಎರಡು ಪಾಲನ್ನೋ ಮೂರನ್ನೋ ಆ ನಡುಕಕ್ಕೆ ಕೊಟ್ಟು ಬರುತ್ತದೆ. ಪಾಲುಗಳು ಸಮ, ಹಾಗಾಗಿ ಗುಡ್ಡಗಳ ನಡುವಿನ ಅಂತರವೂ ಸಮ. ಕಸದ ಗುಡ್ಡವಾದರೆ ಕಂಡಕಂಡಲ್ಲಿ ಏಳುತ್ತದೆ. ನಡುಕ ಇಷ್ಟು ಒಪ್ಪವಾಗಿ ಕಾಣಬೇಕಾದರೆ ಹರಳು ಅಪ್ಪಟವಾಗಿರಬೇಕು.

“ಹೌದು ಸಾರ್, ಕಸ” ಎಂದಳು.

ಪಕ್ಕದಲ್ಲೇ ನಿಂತಿದ್ದ ಚಿಕ್ಕಾಕೆಯ ಮುಖ ಒಂದು ಗಳಿಗೆ ಸಣ್ಣಗಾಯಿತು. ವಾದಕ್ಕೆ ಬರುತ್ತಾಳೆಂದು ದೊಡ್ಡಾಕೆ ಟೊಂಕ ಕಟ್ಟಿ ನಿಂತಿದ್ದಳು. ಆದರೆ ಆಕೆ, “ಅಕ್ಕ ಹೇಳಿದ್ಮೇಲೆ ಮುಗೀತು. ಅಕ್ಕಂದೇ ಕಳ್ಸಿ ಸಾರ್, ನಂಗೇನೂ ಬೇಜಾರಿಲ್ಲ” ಎಂದುಬಿಟ್ಟಳು.

ಬೇಜಾರಿಲ್ಲವಂತೆ! ಹನ್ನೊಂದು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕುಲುಮೆ ಕಾದವಳಿಗೆ ಇವಳು ದಾನ ಮಾಡುತ್ತಿದ್ದಾಳೆ. ಒಳ್ಳೆಯತನದಲ್ಲೂ ಇವಳದೇ ಒಂದು ಕೈ ಮೇಲು. ಕೆಂಡ ಭಗ್ಗೆಂದಿತು.

“ಬಿಟ್ಟುಕೊಡೋಕೆ ನೀನ್ಯಾರೇ?” ಎನ್ನುತ್ತಾ ಸ್ಕೇಲು ತೆಗೆದು ಪರದೆಗೆ ಒತ್ತಿದಳು. “ನೋಡಿ ಸಾರ್. ಇಲ್ಲಿಂದ ಇಲ್ಲಿಗೆ, ಇಲ್ಲಿಂದ ಇಲ್ಲಿಗೆ, ಮತ್ತೆ ಇಲ್ಲಿಗೆ. ಕೂದಲೆಳೆ ವ್ಯತ್ಯಾಸ ಇಲ್ಲ. ಕಸ ಅಲ್ಲ, ಹರಳಿನದೇ ನಡುಕ. ಇವಳದ್ದೇ ಕಳ್ಸಿ.”

ಮೇಷ್ಟ್ರು ಬಗ್ಗಿ ನೋಡಿ, ತಲೆದೂಗಿ, ಒಪ್ಪಿಗೆ ಬರೆದು ಹೊರಟರು.

“ಮತ್ತೆ ಮೊದ್ಲು ಕಸ ಅಂದ್ರಲ್ಲಕ್ಕಾ?”

“ಹೊಟ್ಟೆಕಿಚ್ಚಿಗೆ ಅಂದೆ ಕಣೇ.”

“ಅಯ್ಯೋ, ನೀವೊಬ್ರು! ಯಾವಾಗ್ಲೂ ತಮಾಷೆ” ಎಂದು ಚಿಕ್ಕಾಕೆ ಕಿಲಕಿಲನೆ ನಕ್ಕು ಆಕೆಯ ತೋಳು ಚಿವುಟಿದಳು.

ದೊಡ್ಡಾಕೆಗೆ ನಗು ಬರಲಿಲ್ಲ. ನಿಜ ಹೇಳಿದರೂ ನಂಬದಷ್ಟು ತಿಳಿಯಾದ ಮನಸ್ಸು. ಅದೂ ಇವಳಿಗೇ ಸಿಗಬೇಕಿತ್ತೇ?