ಇಪ್ಪತ್ತು ಚೀಲದ ಪಾಟಾ

ಗುಡ್ಡದ ದಾರಿಯಲ್ಲಿ ಜೀಪಿನ ಹಿಂದಿನ ಆಕ್ಸಲ್ ಎರಡನೇ ಸಲ ಮುರಿದಾಗ, ಮಸಗುಪ್ಪಿಯ ಕುರಿಗಾರ ಮಾಳಪ್ಪ ಈ ಗಾಡಿಯನ್ನು ಆನೆಯಂತೆ ಮಾಡಿಯೇ ಬಿಡುತ್ತೇನೆಂದು ಹಟ ಹಿಡಿದ. ಮುದಿ ಕುದುರೆಗೆ ವಿಶ್ರಾಂತಿ ಕೊಟ್ಟು, ನಾಲ್ಕೂ ಗಾಲಿ ಎಳೆಯುವ ಈ ಹಳೆಯ ಜೀಪು ಕೊಂಡವನು ಅವನೇ. ಹಿಂಡು ಊರಿಂದೂರಿಗೆ ಹೋಗುವಾಗ ನಡೆಯಲಾರದ ಎಳೆಮರಿಗಳನ್ನು ಹೊರುವುದು ಅದರ ಕೆಲಸ.

ಯಮಕನಮರಡಿಯ ಮಿಸ್ತ್ರಿ ರಾಚಪ್ಪ ಸಣ್ಣ ಲಾರಿಯ ಗಟ್ಟಿ ಆಕ್ಸಲ್ ಹುಡುಕಿ ತಂದ. ಇನ್ನು ಅದರ ಮೇಲಿನ ಪಾಟಾ, ಅಂದರೆ ಕುಲುಕು ತಡೆಯುವ ಉಕ್ಕಿನ ಪಟ್ಟಿಗಳು.

“ಹಿಂದ ಏನ್ ಹೇರತೀರಿ ಮಾಳಪ್ಪಣ್ಣಾ? ತೂಕ ಎಷ್ಟ?”

ಮರಿಗಳ ಲೆಕ್ಕವನ್ನು ಹೊರಗಿನವರ ಮುಂದೆ ಹೇಳುವುದುಂಟೇ? ದೃಷ್ಟಿ ತಾಗುತ್ತದೆ. ಮಾಳಪ್ಪ ತನ್ನ ಜಾಣತನಕ್ಕೆ ತಾನೇ ಮೆಚ್ಚುತ್ತ ಅಂದ: “ಗೊಬ್ಬರ. ಇಪ್ಪತ್ತ ಚೀಲ.”

ರಾಚಪ್ಪ ಒಂದು ಟನ್ನಿಗೆ ತಕ್ಕಷ್ಟು ಪಟ್ಟಿ ಜೋಡಿಸಿದ. ಜೀಪಿನ ಹಿಂಭಾಗ ಒಂದು ಗೇಣು ಮೇಲೆದ್ದಿತು. ಮಾಳಪ್ಪನ ಎದೆ ಎರಡು ಗೇಣು.

ಮರುದಿನ ಹೆಂಡತಿ ರಾಮವ್ವ ತಾಯಿಕುರಿಗಳನ್ನು ಹೊಡೆದುಕೊಂಡು ಕಾಲುದಾರಿಯಲ್ಲಿ ಹತ್ತರಗಿಯ ಹೊಲಕ್ಕೆ ಹೊರಟಳು. “ಹೊತ್ತ ಮುಳುಗೂದ್ರಾಗ ಮರಿ ತಾಯಿ ಮೊಲಿಗೆ ಬರಬೇಕ ನೋಡ್ರಿ.”

“ನಿನಕಿಂತ ಮೊದ್ಲ ಹೋಗಿ ಚಾ ಕಾಸಿ ಇಟ್ಟಿರತೇನಿ, ಹೋಗ.”

ಮಾಳಪ್ಪ ಮರಿಗಳನ್ನು ಹೇರಿಕೊಂಡು ಜೀಪು ಹೊರಡಿಸಿದ. ಮೊದಲ ತಗ್ಗಿನಲ್ಲೇ ಆನೆ ಕತ್ತೆಯಂತೆ ಹಿಂಗಾಲು ಝಾಡಿಸಿತು. ಮರಿಗಳು ಹುರಿಯುವ ಜೋಳದಂತೆ ಸಿಡಿದವು. ಎರಡನೇ ತಗ್ಗಿಗೆ ಒಂದು ಬಿಳಿಮರಿ ತಗಡಿಗೆ ತಲೆ ಬಡಿದುಕೊಂಡು ಕತ್ತು ಚೆಲ್ಲಿತು. ಮಾಳಪ್ಪ ಅದನ್ನು ಎತ್ತಿಕೊಂಡ. ಉಸಿರಿತ್ತು, ಅಷ್ಟೇ. ಕುದುರೆ ಹತ್ತು ವರ್ಷದಲ್ಲಿ ಒಂದು ಮರಿಗೂ ಹೀಗೆ ಮಾಡಿರಲಿಲ್ಲ; ಅದಕ್ಕೆ ಯಾವ ಮಿಸ್ತ್ರಿಯೂ ಕೈ ಹಚ್ಚಿರಲಿಲ್ಲ.

ಫೋನಿನಲ್ಲಿ ರಾಚಪ್ಪನ ಮೇಲೆ ಹರಿಹಾಯ್ದ. “ಎಂಥಾ ಕೆಲ್ಸಾ ಮಾಡೀಯೋ? ಗಾಡಿ ಒದಿಯಾಕತ್ತೈತಿ!”

“ಇಪ್ಪತ್ತ ಚೀಲಾನೂ ಹೇರೀರೇನ್ರಿ?”

ಮಾಳಪ್ಪ ಕೆಮ್ಮಿದ. “ಗೊಬ್ಬರ ಅಲ್ಲಪಾ. ಮರಿ.”

“ಎಷ್ಟ?”

ಗುಡ್ಡದಲ್ಲಿ ನರಪಿಳ್ಳೆ ಇರಲಿಲ್ಲ. ಆದರೂ ಟವೆಲ್ ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದ: “ಹದಿನಾಕ.”

ಆ ಕಡೆಯಿಂದ ನಗು ನಿಲ್ಲಲೊಲ್ಲದು. “ಎಲ್ಲಾ ಕೂಡಿದ್ರೂ ನಿಮ್ಮ ಹೊಟ್ಟಿ ಭಾರ ಆಗೂದಿಲ್ಲಲ್ರಿ! ಪಾಟಾ ಹೆಂಗ ಬಗ್ಗಬೇಕ? ಕಲ್ಲ ಹೇರ್ರಿ. ಗಾಲಿ ಗಾಳೀನೂ ಒಂದೀಟ ಬಿಡ್ರಿ.”

ಸುಡು ಬಿಸಿಲಲ್ಲಿ ಮಾಳಪ್ಪ ಚಪ್ಪಡಿ ಕಲ್ಲು ಹೊತ್ತ. ಒಂದೊಂದು ಕಲ್ಲಿಗೂ ತನ್ನ ಜಾಣತನಕ್ಕೆ ಒಂದೊಂದು ಬೈಗುಳ. ಕಲ್ಲು ಉರುಳದಂತೆ ಬಿಗಿಯಾಗಿ ಹಾಸಿ, ಮೇಲೆ ಹುಲ್ಲು ಹರಡಿ, ಕಂಬಳಿ ಹೊಚ್ಚಿ ಮರಿಗಳನ್ನು ಕೂರಿಸಿದ. ಬಿಳಿಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟ. ಜೀಪು ಈಗ ಬಸುರಿಯಂತೆ ನಡೆಯಿತು, ಅಷ್ಟೇ ನಿಧಾನವಾಗಿ.

ಹತ್ತರಗಿ ಮುಟ್ಟಿದಾಗ ಹೊತ್ತು ಮುಳುಗಿತ್ತು. ತಾಯಿಕುರಿಗಳು ಅರಚಿ ಅರಚಿ ಹೊಲ ಒಂದು ಮಾಡಿದ್ದವು. ರಾಮವ್ವ ಮರಿಗಳನ್ನು ಒಂದೊಂದಾಗಿ ಇಳಿಸುತ್ತ ಕಂಬಳಿ ಎತ್ತಿ ನೋಡಿದಳು.

“ಮರಿ ತರ್ರಿ ಅಂದ್ರ ಗುಡ್ಡಾನ ಹೇರ್ಕೊಂಡ ಬಂದೀರಲ್ರಿ!”

ಮಾಳಪ್ಪ ಆಗಲೇ ಮಂಡಿಯೂರಿದ್ದ. ಬಿಳಿಮರಿಯನ್ನು ತಾಯಿಯ ಕೆಳಗೆ ಹಿಡಿದು, ಮೊಲೆ ಹಿಂಡಿ ಬಾಯಿಗೆ ಹಾಲು ಬಿಟ್ಟ. ಅದು ಹೊರಗೆ ಸುರಿಯಿತು. ಮತ್ತೆ ಬಿಟ್ಟ. ತಾಯಿ ಮರಿಯ ಬೆನ್ನು ಮೂಸಿ ನೆಕ್ಕಿತು. ಸ್ವಲ್ಪ ಹೊತ್ತಿಗೆ ಗಂಟಲು ಅಲುಗಿತು, ಆಮೇಲೆ ಬಾಲ.

“ಎದ್ದ ಬರ್ರಿ, ಚಾ ಆರಾಕತ್ತೈತಿ,” ಅಂದಳು ರಾಮವ್ವ.

ಅವನು ಏಳಲಿಲ್ಲ. ಮರಿ ಹೊಟ್ಟೆ ತುಂಬಿ ತಾನೇ ಮೊಲೆ ಬಿಡುವತನಕ ಮಂಡಿಯೂರಿ ಕೂತೇ ಇದ್ದ.