ಮುಖದ ಕಳೆ

'ಕಟ್' ಎಂದಿತು. ಒಣಗಿದ ಹುಣಸೆಕಾಯಿ ಮುರಿದಷ್ಟೇ ಸದ್ದು. ರಾತ್ರಿ ಹನ್ನೊಂದು ದಾಟಿತ್ತು; ಕಲಬುರಗಿಯ ಜೇವರ್ಗಿ ಕಾಲೋನಿಯ ಆ ಓಣಿಯಲ್ಲಿ ನಾಯಿಗಳೂ ಸುಮ್ಮನಾಗಿದ್ದವು. ಬ್ಯಾಟರಿ ಹಿಡಿದು ವ್ಯಾನಿನ ಬಾಗಿಲಿಗೆ ಆತು ನಿಂತಿದ್ದ ಇಂದೂಬಾಯಿಗೆ ಆ ಸದ್ದು ತನ್ನ ಹಲ್ಲಿನೊಳಗೇ ಆದಂತೆನಿಸಿತು.

"ಏನು ಮುರೀತು?"

ಮುಂದಿನ ಸೀಟನ್ನು ಎತ್ತಿ ಅದರಡಿಯ ಇಂಜಿನ್ನಿನ ಮೇಲೆ ಬಾಗಿದ್ದ ಅವಳ ಗಂಡ ವೆಂಕಟೇಶ ಸದ್ದಾದ ಕಡೆ ಬೆರಳಾಡಿಸಿ ನೋಡಿದ. ಊಟಕ್ಕೆ ಮೊದಲೇ ಅವನು ಮೂರೂ ಪ್ಲಗ್ ಬದಲಿಸಿದ್ದ; ಹಳೆಯವುಗಳ ಕರಿ ಮೂತಿಯನ್ನು ಒಳಗೆ ಒಯ್ದು ತಾಯಿಗೆ ತೋರಿಸಿಯೂ ಬಂದಿದ್ದ. ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುವ ಮನುಷ್ಯ, ಕೈಕೆಲಸವೆಂದರೆ ಅವನಿಗೆ ಹಬ್ಬ. ಉಳಿದದ್ದು ಆಕ್ಸಿಜನ್ ಸೆನ್ಸರ್. ಹೊಗೆ ಹೋಗುವ ಕೊಳವೆಯಲ್ಲಿ ತಿರುಪಿ ಕೂಡಿಸಿದ, ಹೆಬ್ಬೆರಳು ಗಾತ್ರದ ವಸ್ತು. ಅದು ಕೆಟ್ಟಿದ್ದರಿಂದಲೇ ಗಾಡಿ ಇಷ್ಟು ಪೆಟ್ರೋಲು ಕುಡಿಯುತ್ತಿದೆ, ನಡುದಾರಿಯಲ್ಲಿ ಮಿಡುಕಿ ನಿಲ್ಲುತ್ತಿದೆ, ಪ್ಲಗ್ಗಿನ ಜೊತೆ ಅದನ್ನೂ ಬದಲಿಸಬೇಕು, ಆದರೆ ನಾಲ್ಕು ದಿನ ಬಿಟ್ಟು ಬರ್ರಿ ಎಂದು ಮೆಕ್ಯಾನಿಕ್ ಮಲಂಗಸಾಬ ಹೇಳಿದ್ದ. ನಾಲ್ಕು ದಿನ ಕಾಯುವಂತಿರಲಿಲ್ಲ. ನಾಳೆ ಮುಕ್ಕೋಟಿ, ಅಂದರೆ ವೈಕುಂಠ ಏಕಾದಶಿ. ತಾಯಿ ಸಕ್ಕೂಬಾಯಿಯನ್ನು ಕಮಲಾಪುರಕ್ಕೆ, ಅವರ ತಂಗಿ ಪಾರ್ವತೀಬಾಯಿಯ ಮನೆಯ ಜಾಗರಣೆಗೆ ಕರೆದೊಯ್ಯಬೇಕಿತ್ತು.

"ಚೂಡಿ ಹೋತು," ಎಂದ ಕೊನೆಗೆ.

ತಿರುಪಿನ ಸುತ್ತುಗಳಿಗೆ ಈ ಕಡೆಯ ಗ್ಯಾರೇಜುಗಳಲ್ಲಿ ಚೂಡಿ ಎನ್ನುತ್ತಾರೆ, ಬಳೆ ಅಂದ ಹಾಗೆ. ತುಕ್ಕು ಹಿಡಿದ ಹಳೆಯ ಸೆನ್ಸರನ್ನು ನಟ್ಟು ಬಿಚ್ಚುವ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದ ರಭಸಕ್ಕೆ ಕೊಳವೆಯ ಒಳಸುತ್ತುಗಳೇ ಕಿತ್ತುಬಂದಿದ್ದವು. ಹೊಸದು ಎರಡು ಸುತ್ತು ಒಳಹೋಗಿ ಸೊಟ್ಟಗೆ ನಿಂತಿತು. ಮುಟ್ಟಿದರೆ ಹಾಲುಹಲ್ಲಿನಂತೆ ಅಲುಗುತ್ತಿತ್ತು. ನಾಳೆ ಹೋಗುವುದು ಬೇಡ, ಮಲಂಗಸಾಬನೇ ನೋಡಲಿ ಎಂದು ವೆಂಕಟೇಶ ಪಾನಾ ಕೆಳಗಿಟ್ಟ. ಅವ್ವನಿಗೆ ನೀನೇ ಹೇಳು ಎಂದ.

ಅದನ್ನು ಹೇಳುವುದು ಇಂದೂಬಾಯಿಯಿಂದಾಗದು. ಆ ಮನೆಯಲ್ಲಿ ನಿಂತುಹೋದ ಪ್ರಯಾಣಗಳೆಲ್ಲ ಅವಳ ತಲೆಗೇ ಬಂದಿದ್ದವು. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುವವಳು, ಡ್ರೈವರನ ಕಣ್ಣು ಕೆಂಪಾಗಿದ್ದರೆ ಬಸ್ಸು ಹತ್ತದವಳು. "ನಮ್ಮ ಇಂದೂ ಹುಟ್ಟುವಾಗ ಸೂಲಗಿತ್ತಿಗೇ ಕೈ ತೊಳಕೊಂಡೀಯೇನು ಅಂತ ಕೇಳಿದ್ಲಂತ," ಎಂದು ಸಕ್ಕೂಬಾಯಿ ಬಂದವರನ್ನೆಲ್ಲ ನಗಿಸುತ್ತಿದ್ದರು. ಇಂದೂಬಾಯಿಯೂ ಅವರೊಡನೆ ನಗುತ್ತಿದ್ದಳು.

ಅವಳು ಒಳಗೆ ಹೋಗಿ, ಬಚ್ಚಲಿನ ನಳ ಸೋರಿದಾಗ ಹಚ್ಚಿ ಉಳಿದಿದ್ದ ಸೀಲಿನ ಮುದ್ದೆ ತಂದಳು. ಕರಿಯದನ್ನೂ ಬಿಳಿಯದನ್ನೂ ಸೇರಿಸಿ ಕಣಕದಂತೆ ನಾದಿ ಗಂಡನ ಕೈಗೆ ಕೊಟ್ಟಳು. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವಳು, ಕಾಲೋನಿಯ ಹುಡುಗಿಯರಿಗೆ ವಿಜ್ಞಾನದ ಟ್ಯೂಷನ್ ಹೇಳುವವಳು. ಕಾದ ಕಬ್ಬಿಣದ ಮೇಲೆ ಇದು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಒಂದು ತಾಸಿನ ಹಾದಿ. ತಡೀತದ ಬಿಡು," ಎಂದ ವೆಂಕಟೇಶ, ಹೆಬ್ಬೆರಳಿನಿಂದ ಮುದ್ದೆಯನ್ನು ಸೆನ್ಸರಿನ ಸುತ್ತ ಒತ್ತುತ್ತ. ಅವಳು ಬ್ಯಾಟರಿಯನ್ನು ಇನ್ನಷ್ಟು ಹತ್ತಿರ ಹಿಡಿದಳು.

ಮರುದಿನ ಅವನು ಕಚೇರಿ ಬಿಟ್ಟು ಬಂದು ಹೊರಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ಸಕ್ಕೂಬಾಯಿ ದಶಮಿಯ ಒಪ್ಪತ್ತಿನ ಊಟದ ಮೇಲೆ ನೀರನ್ನೂ ಮುಟ್ಟಿರಲಿಲ್ಲ. ಎಪ್ಪತ್ತೆರಡರ ಜೀವ. ಸಂಜೆ ಮತ್ತೊಮ್ಮೆ ಸ್ನಾನ ಮಾಡಿ, ಇಳಿದವರೇ ದೇವರ ಮುಂದೆ ಕೂರಬೇಕೆಂದು ಮಡಿಯಲ್ಲೇ ಬಂದರು. ಮುಂದಿನ ಸೀಟು ಬೆಚ್ಚಗಿರುತ್ತದೆಂದು ಅಲ್ಲೇ ಮಡಿಯ ಕೆಂಪು ಧಾಬಳಿ ಹಾಸಿ, ಅದರ ಉಳಿದ ಉಣ್ಣೆಯನ್ನು ಕುತ್ತಿಗೆಯವರೆಗೆ ಹೊದ್ದು ಕೂತರು.

"ಕಮಲಾಪುರ ಮುಟ್ಟೂತನಕಾ ಜಪಾ ಮಾಡ್ತೀನಿ. ಯಾರೂ ಮಾತಾಡಸಬ್ಯಾಡ್ರಿ, ಮುಟ್ಟಲಂತೂ ಬ್ಯಾಡ್ರಿ," ಎಂದರು. ಆಮೇಲೆ ಹಿಂದೆ ತಿರುಗದೆಯೇ, "ಇಂದೂ, ನೀ ಹಿಂದ ಕೂತು ನಿನ್ನ ಅಂಜಿಕಿ ಜಪಾ ಮಾಡು."

ಚಳಿಗಾಳಿ ಕೊರೆಯುತ್ತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದರು. ಮುಂದಿನ ಗಾಜಿಗೆ ಮಂಜು ಹಿಡಿಯುತ್ತದೆಂದು ವೆಂಕಟೇಶ ತನ್ನ ಪಕ್ಕದ್ದನ್ನು ಮಾತ್ರ ನಾಲ್ಕು ಬೆರಳು ಇಳಿಸಿಕೊಂಡ. ಹುಮನಾಬಾದ ರಸ್ತೆಗೆ ಬಿದ್ದ ಮೇಲೆ ಗಾಡಿ ಒಮ್ಮೆಯೂ ಮಿಡುಕದೆ ಓಡಿತು. ಹೊಸ ಪ್ಲಗ್ಗಿನ ಗುಣ ಎಂದು ಅವನು ಹಿಗ್ಗಿದ. ಏನೋ ಸುಟ್ಟ ವಾಸನೆಯೆಂದು ಇಂದೂಬಾಯಿ ಅಂದಾಗ, ಹೊಸ ಪಾರ್ಟು ಕಾಯುವಾಗ ಬರುತ್ತದೆ ಎಂದ. ರಸ್ತೆಯ ಆಚೆ ಯಾರೋ ಕಬ್ಬಿನ ಒಣಗಿದ ಗರಿ-ರವದಿಗೆ ಬೆಂಕಿ ಇಟ್ಟಿದ್ದರು. ಅವಳು ಅದೇ ಇರಬೇಕೆಂದುಕೊಂಡಳು.

ಮಹಾಗಾಂವ ದಾಟುವಾಗ ಅವಳ ಕಣತಲೆ ಬಡಿಯತೊಡಗಿತ್ತು. ಉಪವಾಸದ ತಲೆನೋವು ಅವಳಿಗೆ ಹೊಸದಲ್ಲ; ತಿಂಗಳಿಗೆರಡು ಸಲ ಬರುತ್ತಿತ್ತು. ಎದುರಿನಿಂದ ಬಂದ ಲಾರಿಯ ಬೆಳಕಿನಲ್ಲಿ ಅತ್ತೆಯ ತಲೆ ಗಾಜಿಗೆ ವಾಲಿದ್ದು ಕಂಡಿತು. ಧಾಬಳಿಯ ಅಂಚಿನ ಹೊರಗಿದ್ದ, ತುಳಸಿಮಣಿಯ ಮೇಲಿನ ಬೆರಳು ಚಲಿಸುತ್ತಿರಲಿಲ್ಲ. ಮುಂದಿನ ಲಾರಿ ಬರುವ ತನಕ ಕಾದು ಮತ್ತೆ ನೋಡಿದಳು. ಬೆರಳು ಅದೇ ಮಣಿಯ ಮೇಲಿತ್ತು.

ಅವಳು ಕೈ ಚಾಚಿದಳು. ಧಾಬಳಿಯ ಉಣ್ಣೆ ಬೆರಳ ತುದಿಗೆ ತಾಗುವಷ್ಟು ಹತ್ತಿರ ಹೋಗಿ ಕೈ ನಿಂತಿತು. ಮಧ್ಯಾಹ್ನ ಟ್ಯೂಷನ್ನಿನ ಹುಡುಗಿಯರನ್ನೆಲ್ಲ ಮುಟ್ಟಿದ ಕೈ. ಮುಟ್ಟಿದರೆ ಮುದುಕಿ ಈ ಚಳಿಯಲ್ಲಿ, ಹನಿ ನೀರಿಲ್ಲದ ಮೈಯಲ್ಲಿ, ತಣ್ಣೀರು ಸುರಿದುಕೊಂಡು ಮತ್ತೆ ಮಡಿಯಾಗಬೇಕು. ಆಮೇಲೆ ಭಜನೆಗೆ ಬಂದವರ ಮುಂದೆಲ್ಲ, 'ಜಪಕ್ಕ ಕೂತರ ಸತ್ತಾಳಂತ ತಿಳದು ಮುಟ್ಟಿದ್ಲು' ಎಂದು ಹೇಳುವುದು ಬೇರೆ. ಜಪದಲ್ಲಿದ್ದಾರೆ, ಇಲ್ಲವೆ ಒಂದಿಷ್ಟು ಕಣ್ಣು ಹತ್ತಿದೆ. ಇಂದೂಬಾಯಿ ಕೈ ಹಿಂದೆ ತಂದು ಸೆರಗಿನೊಳಗೆ ಮುಚ್ಚಿಕೊಂಡಳು.

ವ್ಯಾನು ನಿಂತಾಗ ಪಾರ್ವತೀಬಾಯಿಯ ಮನೆಯೊಳಗೆ ತಾಳ ನುಡಿಯುತ್ತಿತ್ತು. ವ್ಯಾನಿನ ಬಾಗಿಲಿಗೆ ಬಂದ ಆಕೆಯೂ ಮಡಿಯಲ್ಲಿದ್ದುದರಿಂದ ಅಕ್ಕನ ಭುಜ ಮುಟ್ಟಲು ಆಕೆಗೆ ಅಡ್ಡಿಯಿರಲಿಲ್ಲ. ಮುಟ್ಟಿದವಳು, ತಾಳ ನಿಲ್ಲಿಸಿ ಡಾಕ್ಟರನ್ನು ಕರೆಯಿರೆಂದು ಒಳಗೆ ಕೂಗಿದಳು.

ಊರ ಡಾಕ್ಟರು ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಈ ವಯಸ್ಸಿಗೆ ನಿರ್ಜಲ ಉಪವಾಸ, ಹೃದಯ ತಾಳಲಿಲ್ಲ ಎಂದರು. ಇಂದೂಬಾಯಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಪಾಪ, ಸೊಸೆಗೆ ಎದೆ ಒಡೆದಂತಾಗಿದೆ ಎಂದು ಹೆಂಗಸರು ಬೆನ್ನು ತಿಕ್ಕಿದರು. ತುಸು ಹೊತ್ತು ಬಯಲ ಗಾಳಿಯಲ್ಲಿ ಕೂತಳು. ಒಂದು ತಾಸಿನಲ್ಲಿ ತಲೆನೋವು ಬಿಟ್ಟಿತು. ಉಪವಾಸದ ನೋವು ಉಪವಾಸ ಮುರಿಯದೆ ಹೋಗುವಂಥದ್ದಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಳಗೆ ಬಂದಾಗ ದೀಪವನ್ನು ಶವದ ತಲೆಯ ಬಳಿ ತಂದಿಟ್ಟಿದ್ದರು.

"ಮುಖದ ಕಳಾ ನೋಡ್ರೆವಾ," ಎನ್ನುತ್ತಿದ್ದಳು ಪಾರ್ವತೀಬಾಯಿ, ಅಳು ನಿಲ್ಲಿಸಿ. "ಜೀವ ಇದ್ದಾಗ ಅರಿಷಿಣದ ಕೊಂಬಿನಂಗ ಇದ್ದಳು. ಈಗ ಕೆನ್ನಿ ದಾಳಿಂಬ್ರಿ ಹೂವಾಗ್ಯಾವ. ಮುಕ್ಕೋಟಿ ದಿನ, ಮಡಿಯೊಳಗ, ಜಪಾ ಮಾಡಕೋತ. ವೈಕುಂಠದ ಬಾಗಲಾ ತೆಗದಽ ಇತ್ತು, ನಮ್ಮಕ್ಕ ನಡದು ಹೋದಳು."

ಭಜನೆಗೆ ಬಂದವರು ಒಬ್ಬೊಬ್ಬರಾಗಿ ಬಂದು ಮುಖ ನೋಡಿ, ಕೈಮುಗಿದು ಸರಿದರು. ಕಂಬದ ಬಳಿ ನಿಂತ ಇಂದೂಬಾಯಿಯೂ ಆ ಮುಖವನ್ನೇ ನೋಡಿದಳು. ಡಿಗ್ರಿಯ ಕೊನೆಯ ವರ್ಷದಲ್ಲಿ ಬಾಯಿಪಾಠ ಮಾಡಿದ್ದ ಒಂದು ಸಾಲು, ಹದಿನೆಂಟು ವರ್ಷದ ಮೇಲೆ, ತಪ್ಪಿಲ್ಲದೆ ನೆನಪಾಯಿತು. ಹೊಗೆಯಲ್ಲಿನ ಕಾರ್ಬನ್ ಮೋನಾಕ್ಸೈಡ್ ರಕ್ತವನ್ನು ಹಿಡಿದರೆ ಬಿಡುವುದಿಲ್ಲ. ಅಂಥ ರಕ್ತಕ್ಕೆ ಚೆರ್ರಿ ಹಣ್ಣಿನ ಕೆಂಪು. ಚೆರ್ರಿಯನ್ನು ಅವಳು ಬೇಕರಿಯ ಕೇಕಿನ ಮೇಲೆ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ.

ಬೆಳಗಿನೊಳಗೆ ದಹನವಾಯಿತು. ಮರುದಿನ ಮಧ್ಯಾಹ್ನ ಗಂಡಸರು ಅಡ್ಡಾದಾಗ ಅವಳು ಹೊರಗೆ ಹೋಗಿ ವ್ಯಾನಿನ ಸೀಟು ಎತ್ತಿದಳು. ಮುದ್ದೆ ಸುಟ್ಟು ಪುಡಿಯಾಗಿತ್ತು. ಸೆನ್ಸರು ತನ್ನ ವಯರಿನ ತುದಿಗೆ ಜೋತು ಬಿದ್ದಿತ್ತು. ಕೊಳವೆಯಲ್ಲಿ ಬೆರಳು ಹೋಗುವಷ್ಟು ತೂತು. ಸೀಟಿನ ತಳಕ್ಕೆಲ್ಲ ಮಸಿ. ಸದ್ದಾಗದಂತೆ ಸೀಟು ಇಳಿಸಿದಳು.

ಅಂದು ಸಂಜೆ ವೆಂಕಟೇಶ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ತಲೆಯನ್ನೂ ಮೀಸೆಯನ್ನೂ ಬೋಳಿಸಿದ ಮುಖ ಬೇರೆ ಯಾರದೋ ಅನಿಸುತ್ತಿತ್ತು. ಎರಡು ದಿನದಿಂದ ಅವನು ಅತ್ತಿರಲಿಲ್ಲ.

"ಒಂದು ವಿಚಾರ ಬರಲಿಕ್ಕತ್ತದ," ಎಂದ ಮೆಲ್ಲಗೆ. "ಅವತ್ತ ರಾತ್ರಿ ನಾ ಗಾಡಿ ಬಿಚ್ಚದಽ ಇದ್ದರ ಅವ್ವ ಮನ್ಯಾಗಽ ಇರ್ತಿದ್ಲು. ಕಾಟಿನ ಮ್ಯಾಲೆ ನರಳಿ ಸಾಯ್ತಿದ್ಲೋ ಏನೋ. ಇಂಥಾ ಸಾವು ಸಿಗತಿತ್ತೇನು? ಮಗ ಆಗಿ ಅಷ್ಟರೆ ಮಾಡಿದೆ ನೋಡು."

ಇಂದೂಬಾಯಿ ಚಾಪೆಯ ಕಡ್ಡಿಯೊಂದನ್ನು ಉಗುರಿನಿಂದ ಎಬ್ಬಿಸುತ್ತ ಕೂತಳು.

ಆ ರಾತ್ರಿ ಪಾರ್ವತೀಬಾಯಿಯ ಮಗ, ನಾಳೆ ನಿಮ್ಮ ಗಾಡಿಯಲ್ಲೇ ಕಲಬುರಗಿಗೆ ಹೋಗಿ ಕರ್ಮಕ್ಕೆ ಬೇಕಾದ ಸಾಮಾನು ತರುತ್ತೇನೆಂದ. ಇಂದೂಬಾಯಿಯ ಬಾಯಿಂದ ಥಟ್ಟನೆ ಮಾತು ಬಂತು. ಸಾವಾದ ಗಾಡಿ, ಮೈಲಿಗೆಯಾಗಿದೆ, ತೊಳೆಸುವವರೆಗೆ ಯಾರೂ ಹತ್ತಬೇಡಿ ಎಂದಳು. ಎಲ್ಲರೂ ಹೌದು ಹೌದೆಂದರು. ಅವಳ ಅಂಜಿಕೆಗೆ ಯಾರಾದರೂ ಇಷ್ಟು ಬೇಗ ತಲೆದೂಗಿದ್ದು ಅದೇ ಮೊದಲು. ಬೆಳಗ್ಗೆ ಎಸ್‌ಟಿಡಿ ಬೂತಿನಿಂದ ಮಲಂಗಸಾಬನಿಗೆ ಫೋನು ಮಾಡಿದಳು.

ಅವನು ಮಧ್ಯಾಹ್ನದ ಬಸ್ಸಿಗೆ ಸಾಮಾನಿನ ಚೀಲ ಹೊತ್ತು ಬಂದ. ಸೀಟು ಎತ್ತಿದವನು ಬಹಳ ಹೊತ್ತು ಬಗ್ಗಿಯೇ ಇದ್ದ.

"ಚೂಡಿ ಪೂರಾ ಸತ್ತಾವ್ರಿ ಬಾಯಾರ," ಎಂದ ಎದ್ದು ನಿಂತು. "ಹೊಗಿ ಎಲ್ಲಾ ಒಳಗಽ ಬಂದದ. ಕಿಡಕಿ ತೆರದಿದ್ವೇನ್ರಿ?"

"ತೆರದಿದ್ವು."

"ಅಮ್ಮಾವ್ರು ಎಲ್ಲಿ ಕುಂತಿದ್ರು?"

"ಹಿಂದ."

ಮಲಂಗಸಾಬ ಮುಂದಿನ ಸೀಟಿನ ಕಡೆ ನೋಡಿದ. ರೆಕ್ಸಿನ್ ಹರಿದ ಕಡೆ ಕೆಂಪು ಉಣ್ಣೆಯ ಒಂದು ಎಳೆ ಸಿಕ್ಕಿಕೊಂಡಿತ್ತು. ಅವನು ಅದನ್ನು ಎರಡು ಬೆರಳಲ್ಲಿ ಬಿಡಿಸಿ ಗಾಳಿಗೆ ಬಿಟ್ಟ. ತೂತಿಗೆ ಹೊಸ ಚೂಡಿ ಕೊಯ್ದು, ಸೆನ್ಸರು ಬಿಗಿದು, ಚಹಾ ಕೂಡ ಬೇಡವೆಂದು ನಡೆದುಬಿಟ್ಟ.

ಅವನು ತಿರುವು ದಾಟುವಷ್ಟರಲ್ಲಿ ವೆಂಕಟೇಶ ಹೊರಗೆ ಬಂದ. ಏನೆಂದ ಮಲಂಗಸಾಬ, ಏನಾದರೂ ಕೆಟ್ಟಿತ್ತೇನು ಎಂದು ಕೇಳಿದ. ಅವನ ಬೋಳುತಲೆಯಲ್ಲಿ, ಕಿವಿಯ ಮೇಲೆ, ಕ್ಷೌರದ ಕತ್ತಿ ತಾಗಿದ ಗೀರು ಇನ್ನೂ ಹಸಿಯಾಗಿತ್ತು. ಇಂದೂಬಾಯಿ ಆ ಗೀರನ್ನು ನೋಡಿದಳು. ಇವನಿಗೆ ಹೇಳುವುದಿಲ್ಲ. ಪಾರ್ವತೀಬಾಯಿ ಮಾವಶಿಗೆ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ.

"ಏನಿಲ್ಲ. ಪ್ಲಗ್ ಛಲೋ ಕೂಡಿಸ್ಯಾರ ಸಾಹೇಬ್ರು ಅಂದ," ಎಂದಳು.

ಅವನು ಎರಡು ಸಲ ತಲೆಯಾಡಿಸಿದ. ಆಮೇಲೆ ಕಟ್ಟೆಯ ಅಂಚಿಗೆ ಕೂತು, ಸಂಜೆಯ ಆಚಮನಕ್ಕೆ ಮೊದಲು ಕೈ ತೊಳೆಯಲು ಎರಡೂ ಅಂಗೈ ಮುಂದೆ ಹಿಡಿದ. ಅವಳು ತಂಬಿಗೆ ಬಗ್ಗಿಸಿದಳು. ಉಗುರಿನ ಸಂದಿಯಲ್ಲಿ ಎಣ್ಣೆಯ ಕರಿ ಹಾಗೇ ಉಳಿದಿತ್ತು. ನೀರು ಮಾತ್ರ ತಿಳಿಯಾಗಿಯೇ ಜಾರಿ ಅಂಗಳದ ಮಣ್ಣಿಗೆ ಇಳಿಯಿತು.