ಎಡ ಸೀಟಿನ ಬ್ರೇಕು

ಭಾನುವಾರ ಹಳೇ ಕಾರುಗಳ ಪ್ರದರ್ಶನ. ಕಂಪನಿಯ ಅಸಲಿ ಭಾಗಗಳಿದ್ದಷ್ಟೂ ಮಾರ್ಕು ಜಾಸ್ತಿ. ಅದಕ್ಕೇ ಕೌಶಿಕ್ ತನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಿಂದ ಹಿಂದಿನ ಯಜಮಾನರ ಕೈಕೆಲಸವನ್ನೆಲ್ಲ ಬಿಚ್ಚುತ್ತಿದ್ದ. ಬಿಡಿಭಾಗ ಸಿಗದ ಕಾಲದಲ್ಲಿ ಸುಜಯೀಂದ್ರ ಅವರು ಅರ, ಸುತ್ತಿಗೆ ಹಿಡಿದು ಕೂತು ಬಾಗಿಲ ಹಿಡಿ, ಪೆಟ್ರೋಲ್ ಮುಚ್ಚಳ ಎಲ್ಲವನ್ನೂ ತಾವೇ ಮಾಡಿಕೊಂಡಿದ್ದರು. ಅವರು ಹೋದಮೇಲೆ ಹೆಂಡತಿ ಭೀಮಾಬಾಯಿ ಕಾರು ಮಾರಿದ್ದರು.

ವಿಭಾ ನೋಡುತ್ತ ನಿಂತಿದ್ದಳು. ಗಂಡನ ವೇಗಕ್ಕೆ ಹೆದರಿ ಆಕೆ ಆ ಕಾರು ಹತ್ತುವುದನ್ನೇ ಬಿಟ್ಟಿದ್ದಳು. ಹತ್ತಿದ ಒಂದೇ ಸಲವೂ ಪೆರುಂಗುಡಿ ಬಡಾವಣೆ ದಾಟುವವರೆಗೆ ಕಾಲು ಮೇಲಕ್ಕೆಳೆದುಕೊಂಡು ಕೂತಿದ್ದಳು.

“ಇಲ್ನೋಡು, ಈ ಕಡೆಗೂ ಒಂದು ಪೆಡಲು!” ಎಡ ಸೀಟಿನ ಮುಂದೆ ಕಾಲಿಡುವ ಜಾಗಕ್ಕೆ ಬಗ್ಗಿದ ಕೌಶಿಕ್ ಕೈಯಿಂದ ಅದನ್ನು ಒತ್ತಿದ. “ಬರೀ ಸ್ಪ್ರಿಂಗು. ಸುಮ್ಮಾ ಇದೆ. ತೆಗೆದುಬಿಡ್ತೀನಿ.”

“ಇರು, ಭೀಮಾಬಾಯಿ ಮಾಮೀನ ಕೇಳೋಣ.” ವಿಭಾ ಫೋನನ್ನು ಸ್ಪೀಕರಿಗೆ ಹಾಕಿದಳು.

“ಅಯ್ಯೋ, ಅದು ನನ್ನ ಬ್ರೇಕು ಕಣಮ್ಮಾ!” ಎಂದರು ಭೀಮಾಬಾಯಿ. “ಲಾರಿ ಕಂಡರೆ ಸಾಕು, ಅಪ್ಪಾ ರಾಯರೇ ಅಂತ ಕಾಲು ಒತ್ತಿ ಒತ್ತಿ ಮ್ಯಾಟೇ ಹರಿದುಹೋಗಿತ್ತು. ಮೆಲ್ಲಗೆ ಹೋಗಿ ಅಂದರೆ ಇವರಿಗೆ ಕೋಪ. ಕೊನೆಗೆ ನಮ್ಮತ್ತೆಯ ಹಿತ್ತಾಳೆ ಸೌಟು ಬಡಿದು ಇದನ್ನ ಮಾಡಿಕೊಟ್ಟರು. ಏನು ಚೆನ್ನಾಗಿ ಹಿಡೀತಿತ್ತು ಅಂತೀಯ! ಒತ್ತಿದ ಕೂಡಲೇ ಗಾಡಿ ನಿಧಾನ.”

ಫೋನಿಟ್ಟ ಮೇಲೆ ಕೌಶಿಕ್ ಗಟ್ಟಿಯಾಗಿ ನಕ್ಕ. “ಪಾವಂ ಮಾಮಿ, ಪಾಪ! ಸೌಟು ಗಾಡಿ ನಿಲ್ಲಿಸುತ್ತಂತೆ.”

ವಿಭಾ ನಗಲಿಲ್ಲ. ಎಡ ಸೀಟಿನಲ್ಲಿ ಕೂತು, ಜೀವಭಯವಿದ್ದವಳಂತೆ ಪೆಡಲನ್ನು ಒತ್ತಿದಳು. ಸ್ಟೀರಿಂಗಿನ ಹಿಂದೆ, ಓಡಿಸುವವನ ಕಣ್ಣಿಗೆ ಮಾತ್ರ ಬೀಳುವಂತೆ ಕೂರಿಸಿದ್ದ ಪುಟ್ಟ ಕೆಂಪು ದೀಪ ಹೊತ್ತಿಕೊಂಡಿತು. ಓಡಿಸುವ ಸೀಟಿನ ಕಡೆಯಿಂದ ಬಗ್ಗಿ ನೋಡಿದ ಕೌಶಿಕನ ನಗು ನಿಂತಿತು. ಆ ದೀಪ ಕೆಟ್ಟಿದೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ.

“ದೀಪ ನೋಡಿದ ಕೂಡಲೇ ಸುಜಯೀಂದ್ರ ಅವರೇ ಬ್ರೇಕು ಹಾಕ್ತಿದ್ದರು,” ಎಂದ ಮೆಲ್ಲಗೆ.

“ಮಾಮಿಗೆ ಹೇಳೋದು ಬೇಡ.” ವಿಭಾ ಮಾತನ್ನು ತೂಗಿ ಮುಂದುವರಿಸಿದಳು. “ಮಾರ್ಕು ಮುಖ್ಯ ಅಲ್ಲ ಅನ್ನೋದಿಲ್ಲ, ಕೌಶಿಕ್. ಆದರೆ ನಾನು ಬರಬೇಕಾದರೆ ಇದು ಇರಬೇಕು.”

ಅವನು ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿದ.

ಭಾನುವಾರ ಬೆಳಿಗ್ಗೆ ಹೊರಟಾಗ ರಸ್ತೆಯಲ್ಲಿ ಒಂದು ನಾಯಿಯೂ ಅಡ್ಡ ಇರಲಿಲ್ಲ. ಹೆದರುವಂಥದ್ದು ಏನೂ ಕಾಣದಿದ್ದರೂ ವಿಭಾ ಪೆಡಲು ಒತ್ತಿ, ಗಂಡನ ಬಲಗಾಲನ್ನೇ ನೋಡುತ್ತ ಕೂತಳು.

ಕೌಶಿಕ್ ಯಾಕೆಂದು ಕೇಳಲಿಲ್ಲ. ಗಾಡಿ ನಿಧಾನವಾಯಿತು.